ಪೌರತ್ವವಿಲ್ಲದ ವಿಜ್ಞಾನಿ

1917ರ ವಲಸೆ ಕಾನೂನು ಭಾರತೀಯರಿಗೆ ಅಮೆರಿಕದ ಬಾಗಿಲು ಮುಚ್ಚಿತು. ವಿದ್ಯಾರ್ಥಿಗಳಂಥ ಕೆಲವರಿಗಷ್ಟೇ ವಿನಾಯಿತಿ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ 1920ರ ದಶಕದ ಆರಂಭದಲ್ಲಿ ಬಾಸ್ಟನ್‌ಗೆ ಹೋದದ್ದು ಓದಲೆಂದೇ. ಭಾರತೀಯರು ‘ಬಿಳಿಯರಲ್ಲ’, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ನೀಡಿತು.

ಮುಂದೆ ಲೆಡರ್ಲೆ ಪ್ರಯೋಗಾಲಯದಲ್ಲಿ ಸುಬ್ಬರಾವ್ ಅವರ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಇಂದಿಗೂ ಕ್ಯಾನ್ಸರ್ ರೋಗಿಗಳಿಗೆ ಕೊಡುವ ಮೆಥೊಟ್ರೆಕ್ಸೇಟ್ ಔಷಧದ ಮೂಲ ಆ ಕೆಲಸದಲ್ಲೇ ಇದೆ. ಅಂಥವರು ಇನ್ನೆಷ್ಟು ಮಂದಿ ಬಾಗಿಲ ಹೊರಗೇ ಉಳಿದರೋ, ಲೆಕ್ಕವಿಟ್ಟವರಿಲ್ಲ.

1946ರಲ್ಲಿ ಪೌರತ್ವದ ತಡೆಯೇನೋ ತೆರವಾಯಿತು. ವಲಸೆಗೆ ಮಾತ್ರ ವರ್ಷಕ್ಕೆ 100 ಭಾರತೀಯರ ಮಿತಿ. 1948ರಲ್ಲಿ ತೀರಿಕೊಂಡಾಗಲೂ ಸುಬ್ಬರಾವ್ ಅಮೆರಿಕದ ಪ್ರಜೆಯಾಗಿರಲಿಲ್ಲ. ನಮ್ಮ ವೈದ್ಯರು, ಎಂಜಿನಿಯರುಗಳು ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಹೊರಟದ್ದು 1965ರ ಕಾನೂನು ಹಳೆಯ ಕೋಟಾ ಕೈಬಿಟ್ಟು ವೃತ್ತಿಕೌಶಲಕ್ಕೆ ಆದ್ಯತೆ ಕೊಟ್ಟ ಬಳಿಕ.