ಸಲಿಂಗ ವಿವಾಹ

ಸಮಾನವಾದ ಲಿಂಗವುಳ್ಳದ್ದು ಸಲಿಂಗ. ಸಗೋತ್ರ, ಸಪಿಂಡ ಎಂಬಲ್ಲಿರುವಂತೆ ಇಲ್ಲಿಯೂ ‘ಸಮಾನ’ ಶಬ್ದಕ್ಕೆ ‘ಸ’ ಆದೇಶವಾಗಿ ಬಂದಿದೆ. ಲಿಂಗವೆಂದರೆ ಮೂಲತಃ ಗುರುತು. ಬೆಟ್ಟದ ಮೇಲಣ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ನೈಯಾಯಿಕರು, ಎಂದರೆ ತರ್ಕಶಾಸ್ತ್ರಜ್ಞರು, ಆ ಹೊಗೆಯನ್ನೇ ಲಿಂಗವೆಂದರು. ವಿವಾಹವಾದರೋ ‘ವಹ್’ ಧಾತುವಿನಿಂದ ಬಂದುದು, ವಧುವನ್ನು ತೌರಿನಿಂದ ಕರೆದೊಯ್ಯುವುದೆಂದು ಅದರ ಅರ್ಥ. ಆದರೆ ಮನೆಯಳಿಯನನ್ನು ತಂದುಕೊಂಡವರೂ ತಮ್ಮ ಶುಭಕಾರ್ಯವನ್ನು ವಿವಾಹವೆಂದೇ ಕರೆದಿರುವಾಗ, ವ್ಯುತ್ಪತ್ತಿಯನ್ನು ಮುಂದೊಡ್ಡಿ ಇಬ್ಬರು ಹೆಂಗಸರ ಅಥವಾ ಇಬ್ಬರು ಗಂಡಸರ ಸಹಬಾಳ್ವೆಗೆ ಆ ಹೆಸರನ್ನು ನಿರಾಕರಿಸುವುದು ನ್ಯಾಯವಲ್ಲ.

ಒಂದು ಕಾಲಕ್ಕೆ ಸಗೋತ್ರ ವಿವಾಹವೆಂಬ ಮಾತೇ ಧರ್ಮಶಾಸ್ತ್ರಜ್ಞರ ಕಿವಿಗೆ ಸಹ್ಯವಾಗಿರಲಿಲ್ಲ. 1946ರ ಶಾಸನವು ಅದನ್ನು ಸಿಂಧುಗೊಳಿಸಿತು. ಸಲಿಂಗ ವಿವಾಹಕ್ಕೆ ಅಂಥ ಶಾಸನ ಇನ್ನೂ ಬಂದಿಲ್ಲ. ಪರಸ್ಪರ ಸಮ್ಮತಿಯುಳ್ಳ ವಯಸ್ಕರ ಸಲಿಂಗ ಸಂಬಂಧವು 2018ರ ಸೆಪ್ಟೆಂಬರ್ 6ರಂದು ಅಪರಾಧವೆಂಬ ಕಳಂಕದಿಂದ ಬಿಡುಗಡೆ ಹೊಂದಿತಾದರೂ, 2023ರ ಅಕ್ಟೋಬರ್ 17ರಂದು ಸರ್ವೋಚ್ಚ ನ್ಯಾಯಾಲಯವು 1954ರ ವಿಶೇಷ ವಿವಾಹ ಕಾಯಿದೆಯನ್ನು ಇಂಥ ಜೋಡಿಗಳಿಗೆ ಅನ್ವಯಿಸಲೊಪ್ಪದೆ, ಮಾನ್ಯತೆ ನೀಡುವ ಕಾರ್ಯವನ್ನು ಶಾಸಕಾಂಗಕ್ಕೆ ಬಿಟ್ಟಿತು. ಆದಕಾರಣ ಪತ್ರಿಕೆಗಳಲ್ಲಿ ಧಾರಾಳವಾಗಿ ಅಚ್ಚಾಗುವ ‘ಸಲಿಂಗ ವಿವಾಹ’ವೆಂಬ ಜೋಡುನುಡಿಗೆ ನೋಂದಣಿ ಕಚೇರಿಯ ಪುಸ್ತಕದಲ್ಲಿ ಇನ್ನೂ ಸ್ಥಳವಿಲ್ಲ. ಬಹುಕಾಲ ಒಂದೇ ಸೂರಿನಡಿ ಬಾಳಿದ ಗೆಳತಿಯರಲ್ಲೊಬ್ಬಳು ಉಯಿಲು ಬರೆಯದೆ ತೀರಿಕೊಂಡರೆ, ಅವಳ ಆಸ್ತಿಗೆ ವಾರಸುದಾರಳೆಂದು ಕಾನೂನು ಉಳಿದವಳನ್ನು ಎಣಿಸುವುದಿಲ್ಲ.