ಆವೃತ್ತಿಭೇದವೂ ವಿಕಲ್ಪವಿಧಿಯೂ

ಒಂದು ಭಾಷೆಯ ಲಕ್ಷಣವು ಬದಲಾದ ಬಳಿಕ, ಹಿಂದಿನ ಲಕ್ಷಣಕ್ಕನುಸಾರವಾಗಿ ರಚಿತವಾದ ಗ್ರಂಥಗಳ ಗತಿಯೇನು? ಈ ಪ್ರಶ್ನೆಯು ವೈಯಾಕರಣರಿಗೆ ಹೊಸದಲ್ಲ. ಪಾಣಿನಿಯು ವೇದದ ರೂಪಗಳನ್ನು ತಳ್ಳಿಹಾಕದೆ, 'ಛಂದಸಿ' ಎಂಬ ವಿಷಯನಿರ್ದೇಶದಿಂದ ಬೇರ್ಪಡಿಸಿ ಉಳಿಸಿಕೊಂಡನು. 13ನೆಯ ಶತಮಾನದ ಕೇಶಿರಾಜನು ೞಕಾರವುಳ್ಳ ಶಬ್ದಗಳನ್ನು ಎಣಿಸಿ ಪಟ್ಟಿಮಾಡಿದನು. ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆಯುವ ಕೃತಕಭಾಷೆಗಳಲ್ಲಿಯೂ ಇದೇ ಪ್ರಶ್ನೆಯು ಎದ್ದಿರುವುದುಂಟು. ಅವುಗಳಲ್ಲಿ ಪೈಥಾನ್ ಎಂಬುದರ ವೃತ್ತಾಂತವನ್ನು ಪ್ರಕೃತ ವಿಚಾರಿಸುವೆವು. ಅದರಲ್ಲಿದ್ದ ತೊಡಕು ಕನ್ನಡದಂತಹ ಲಿಪಿಗಳಲ್ಲಿಯೇ ಚೆನ್ನಾಗಿ ಪ್ರಕಟವಾಗುವಂಥದು.

ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಲ್ಲಿ ಹೆಸರಿಸಿರುವ ಕೊಪಣವೇ ಇಂದಿನ ಕೊಪ್ಪಳ. ಅದಕ್ಕೆ ಹೊಂದಿಕೊಂಡಿರುವ ನೇಕಾರರ ಊರು ಭಾಗ್ಯನಗರ. ಈ ಊರಿನ ಹೆಸರನ್ನೇ ಉದಾಹರಣೆಯಾಗಿ ಕೊಳ್ಳೋಣ. ಭಾ-ಗ್ಯ-ನ-ಗ-ರ ಎಂದು ನಮ್ಮ ಎಣಿಕೆಯಲ್ಲಿ ಅಕ್ಷರಗಳು 5. ಯೂನಿಕೋಡ್ ಎಂಬ ಸಂಕೇತಪದ್ಧತಿಯಲ್ಲಿ ದೀರ್ಘಚಿಹ್ನೆಗೂ, ಒತ್ತನ್ನು ಸೂಚಿಸುವ ವಿರಾಮಕ್ಕೂ ಬೇರೆ ಬೇರೆ ಸಂಖ್ಯೆಗಳಿರುವುದರಿಂದ 8. ಯುಟಿಎಫ್-8 ಎಂಬ ಕ್ರಮದಲ್ಲಿ ಬರೆದಿಡುವಾಗ ಒಂದೊಂದಕ್ಕೂ ಮೂರು ಬೈಟುಗಳು ತಗುಲಿ 24. ಹೀಗೆ ಬರೆದ ಹೆಸರನ್ನು ಉದ್ಧರಣಚಿಹ್ನೆಗಳ ನಡುವೆ ಇಟ್ಟು ಅದರ ಉದ್ದವೆಷ್ಟೆಂದು ಕೇಳಿದರೆ, 2000ದಲ್ಲಿ ಹೊರಬಂದ ಪೈಥಾನ್ 2 ಎಂಬ ಆವೃತ್ತಿಯು 24 ಎನ್ನುತ್ತಿತ್ತು. ಹಿಂದೆ 'ಯು' ಎಂಬ ಇಂಗ್ಲಿಷ್ ಅಕ್ಷರವನ್ನಿಟ್ಟು ಕೇಳಿದರೆ 8 ಎನ್ನುತ್ತಿತ್ತು. ಮೊದಲನೆಯ ಬಗೆಯ ಪದದಿಂದ ನಾಲ್ಕು ಘಟಕಗಳನ್ನು ಕತ್ತರಿಸಿದರೆ ಭಕಾರವೂ, ದೀರ್ಘಚಿಹ್ನೆಯ ಓದಲಾಗದ ತುಣುಕೊಂದೂ ಕೈಗೆ ಬರುತ್ತಿದ್ದವು. ಈ ಎರಡು ಬಗೆಯ ಪದಗಳನ್ನು ಜೋಡಿಸಿದಾಗ, ಇಂಗ್ಲಿಷ್ ಅಕ್ಷರಗಳಾದರೆ ದೋಷವೇ ತೋರದು. ಕನ್ನಡ ಬಂದೊಡನೆ ಕಾರ್ಯವು ನಿಂತುಹೋಗುವುದು. ಆದಕಾರಣ ವರ್ಷಗಟ್ಟಲೆ ನಿರ್ದುಷ್ಟವೆಂದು ನಂಬಿದ ತಂತ್ರಾಂಶವೂ ಮೊದಲ ಕನ್ನಡ ಹೆಸರಿಗೇ ಮುಗ್ಗರಿಸಬಹುದಾಗಿತ್ತು.

2008ರ ಡಿಸೆಂಬರಿನಲ್ಲಿ ಬಂದ 3ನೆಯ ಆವೃತ್ತಿಯು ಈ ಗೊಂದಲವನ್ನು ನಿವಾರಿಸಿತು. ಉದ್ಧರಣದೊಳಗಿನದೆಲ್ಲವೂ ಯೂನಿಕೋಡ್ ಪದವೇ. ಬೈಟುಗಳದು ಬೇರೆ ಜಾತಿ. ಆದರೆ ಹಳೆಯ ತಂತ್ರಾಂಶಗಳು ಅನೇಕವು ಇದರಲ್ಲಿ ನಡೆಯಲಿಲ್ಲ. ಹಳೆಯದನ್ನು ಹೊಸದಕ್ಕೆ ಪರಿವರ್ತಿಸುವ ಸಾಧನವೊಂದನ್ನು ಭಾಷೆಯ ಕರ್ತರೇ ಒದಗಿಸಿದರು. ಪರಿವರ್ತಿಸಿದರೆ ಪಾಠಗಳು ಎರಡಾಗುವುವು. ಒಂದರಲ್ಲಿ ತಿದ್ದಿದುದನ್ನು ಇನ್ನೊಂದರಲ್ಲಿಯೂ ತಿದ್ದಬೇಕು. ಇದರ ಕಷ್ಟವನ್ನು ಗ್ರಂಥಸಂಪಾದನೆ ಮಾಡಿದವರಿಗೆ ಹೇಳಬೇಕಾದುದಿಲ್ಲ. ಆದುದರಿಂದ ಒಂದೇ ಪಾಠವು ಎರಡು ಆವೃತ್ತಿಗಳಲ್ಲಿಯೂ ಸಲ್ಲುವಂತೆ ಬರೆಯುವ ಮಾರ್ಗವು ಬೆಳೆಯಿತು. ಬೆಂಜಮಿನ್ ಪೀಟರ್ಸನ್ನರ 'ಸಿಕ್ಸ್' ಎಂಬ ಉಪಾಂಗವು ಯಾವ ಆವೃತ್ತಿಯು ನಡೆಯುತ್ತಿದೆಯೆಂದು ತಿಳಿದು, ಭಿನ್ನವಾದ ವಸ್ತುಗಳಿಗೆ ಒಂದೇ ಸಂಜ್ಞೆಯನ್ನು ಕೊಡುವುದು. (ಎರಡು ಮೂರಲೆ ಆರು ಎಂಬುದೇ ಆ ಹೆಸರಿನ ನಿರ್ವಚನ.)

ಇದಕ್ಕಿಂತಲೂ ಗಮನಾರ್ಹವಾದುದು 'ಯು'ವಿನ ಕಥೆ. ಅನಾವಶ್ಯಕವೆಂದು 3.0ದಲ್ಲಿ ಅದನ್ನು ತೆಗೆದುಹಾಕಿದ್ದರು, 2012ರಲ್ಲಿ 3.3ನೆಯ ಆವೃತ್ತಿಯಲ್ಲಿ ಮತ್ತೆ ಅಂಗೀಕರಿಸಿದರು. ಅಲ್ಲಿ ಅದಕ್ಕೆ ಯಾವ ಕಾರ್ಯವೂ ಇಲ್ಲ, ಇತ್ಸಂಜ್ಞಕವರ್ಣದಂತೆ ಲೋಪಹೊಂದುವುದು. ಆದರೆ ಇತ್ತಿಗೂ ಪ್ರಯೋಜನವುಂಟಷ್ಟೆ! ಇಲ್ಲಿಯ ಪ್ರಯೋಜನವು ಹಳೆಯ ಆವೃತ್ತಿಗೆ ಸೇರಿದುದು. ಇರಬಹುದು, ಇಲ್ಲದಿರಲೂಬಹುದು ಎಂಬ ಈ ವಿಕಲ್ಪವು ಪರಿವರ್ತನ ಸಾಧನಕ್ಕಿಂತ ಹೆಚ್ಚಿನ ಉಪಕಾರವನ್ನು ಮಾಡಿತೆಂದು ನಮ್ಮ ಅಭಿಪ್ರಾಯ. ಹೀಗಿದ್ದರೂ 2ನೆಯ ಆವೃತ್ತಿಯ ಪೋಷಣೆಗೆ 2015ಕ್ಕೆಂದು ಹಾಕಿದ್ದ ಗಡುವನ್ನು 2020ರ ಜನವರಿ 1ರವರೆಗೆ ಮುಂದೂಡಬೇಕಾಯಿತು. ಭಾಗ್ಯನಗರಕ್ಕೆ 5 ಅಕ್ಷರವೆಂಬ ಉತ್ತರವನ್ನು ಮಾತ್ರ 3ನೆಯ ಆವೃತ್ತಿಯೂ ತಾನಾಗಿ ಕೊಡದು. 8 ಎಂದೇ ಹೇಳುವುದು.

ಹಳೆಯದನ್ನು ಕೆಡಿಸಬಾರದೆಂಬ ನಿಯಮವು ತಪ್ಪನ್ನೂ ಉಳಿಸುವುದುಂಟು. ಯೂನಿಕೋಡಿನಲ್ಲಿ ಕೇಶಿರಾಜನ ೞಕಾರಕ್ಕೆ, ಇಂಗ್ಲಿಷಿನ ಎಫ್ ಧ್ವನಿಯದೆಂಬಂತೆ, 'ಫ' ಎಂಬ ಹೆಸರು ಪ್ರಮಾದದಿಂದ ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ನೆಚ್ಚಿ ತಂತ್ರಾಂಶಗಳು ನಡೆಯುವುದರಿಂದ ಅದನ್ನು ಅಳಿಸುವಂತಿಲ್ಲ. ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಸೇರಿಸಿದ್ದಾರೆ. ಪೈಥಾನ್ 3.3 ಮೊದಲ್ಗೊಂಡು ಎರಡರಲ್ಲಿ ಯಾವ ಹೆಸರಿನಿಂದ ಹುಡುಕಿದರೂ ೞಕಾರವೇ ದೊರೆಯುವುದು. ೞಕಾರವನ್ನು ತೋರಿಸಿ ಹೆಸರೇನೆಂದು ಕೇಳಿದರೆ ಮಾತ್ರ 'ಫ' ಎಂದೇ ಉತ್ತರ.