ಪೆರೋಲ್ ಎಂದರೇನು? ಹೊರಬಂದ ಕೈದಿಗೆ ಇರುವ ಷರತ್ತುಗಳೇನು?

ಚೆನ್ನೈ: ಪೆರೋಲ್ ಸಿಕ್ಕಿತು ಎಂದರೆ ಕೈದಿಗೆ ಬಿಡುಗಡೆಯಾಯಿತು ಎಂದೇ ಹಲವರು ತಿಳಿಯುತ್ತಾರೆ. ಆದರೆ ಅದು ಶಿಕ್ಷೆಯ ಅಂತ್ಯವಲ್ಲ, ಶಿಕ್ಷೆಯ ನಡುವೆ ಸಿಗುವ ಷರತ್ತುಬದ್ಧ ರಜೆ. ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನಿಂದ ಚೆನ್ನೈಗೆ ಹೋಗಿಬಂದ ವಿ.ಕೆ. ಶಶಿಕಲಾ ಪ್ರಕರಣ ಇದಕ್ಕೆ ಉತ್ತಮ ಉದಾಹರಣೆ.

ಪದದ ಅರ್ಥ

ಪೆರೋಲ್ ಫ್ರೆಂಚ್ ಮೂಲದ ಪದ. ಅರ್ಥ 'ಮಾತು'. ಹಿಂದೆ ಯುದ್ಧ ಕೈದಿಗಳನ್ನು ಅವರು ಕೊಟ್ಟ ಮಾತಿನ ಮೇಲೆ ಬಿಡಲಾಗುತ್ತಿತ್ತು. ಹುಲಿಗೆ ಮಾತು ಕೊಟ್ಟು, ಕರುವನ್ನು ಕಂಡು ಮರಳಿದ ಪುಣ್ಯಕೋಟಿಯ ಕಥೆ ಬಲ್ಲ ಕನ್ನಡಿಗರಿಗೆ ಇದು ಹೊಸತಲ್ಲ. ಈಗ ಬರೀ ಮಾತು ಸಾಲದು. ಶ್ಯೂರಿಟಿ, ಮುಚ್ಚಳಿಕೆ, ಪೊಲೀಸ್ ವರದಿ ಬೇಕು.

ಜಾಮೀನು, ಫರ್ಲೋಗಿಂತ ಹೇಗೆ ಭಿನ್ನ?

ಜಾಮೀನು ನೀಡುವುದು ನ್ಯಾಯಾಲಯ. ವಿಚಾರಣೆ ಅಥವಾ ಮೇಲ್ಮನವಿ ಬಾಕಿ ಇರುವಾಗ ಅದು ಸಿಗುತ್ತದೆ. ಪೆರೋಲ್ ಶಿಕ್ಷೆಗೊಳಗಾದ ಕೈದಿಗೆ ನಿರ್ದಿಷ್ಟ ಕಾರಣಕ್ಕೆ, ಅಂದರೆ ಆಪ್ತರ ಸಾವು, ಗಂಭೀರ ಕಾಯಿಲೆ, ಮಕ್ಕಳ ಮದುವೆಯಂಥ ಸಂದರ್ಭಗಳಲ್ಲಿ ಸಿಗುತ್ತದೆ. ಫರ್ಲೋ ದೀರ್ಘ ಶಿಕ್ಷೆಯ ಕೈದಿಗೆ ಸನ್ನಡತೆಯ ಆಧಾರದಲ್ಲಿ ಸಿಗುವ ರಜೆ. ತಮಿಳುನಾಡಿನ 1982ರ ನಿಯಮಗಳಲ್ಲಿ ಇದನ್ನು 'ಸಾಮಾನ್ಯ ರಜೆ', 'ತುರ್ತು ರಜೆ' ಎಂದೇ ಕರೆಯಲಾಗಿದೆ. ಅಮೆರಿಕದಲ್ಲಿ ಮಾತ್ರ ಪೆರೋಲ್ ಎಂದರೆ ಉಳಿದ ಶಿಕ್ಷೆಯನ್ನು ಅಧಿಕಾರಿಯ ನಿಗಾದಲ್ಲಿ ಹೊರಗೆ ಕಳೆಯುವುದು.

ಶಶಿಕಲಾಗೆ ಏನೆಲ್ಲ ಷರತ್ತು ಇತ್ತು?

ಅಕ್ರಮ ಆಸ್ತಿ ಪ್ರಕರಣದಲ್ಲಿ ನಾಲ್ಕು ವರ್ಷ ಶಿಕ್ಷೆಯಾಗಿ 2017ರ ಫೆಬ್ರವರಿಯಲ್ಲಿ ಜೈಲು ಸೇರಿದ ಶಶಿಕಲಾ, ಅದೇ ಅಕ್ಟೋಬರ್‌ನಲ್ಲಿ 15 ದಿನ ಪೆರೋಲ್ ಕೇಳಿದ್ದರು. ಚೆನ್ನೈ ಆಸ್ಪತ್ರೆಯಲ್ಲಿ ಅಂಗಾಂಗ ಕಸಿಗೆ ಒಳಗಾಗಿದ್ದ ಪತಿ ಎಂ. ನಟರಾಜನ್ ಅವರನ್ನು ನೋಡಬೇಕಿತ್ತು. ಮೊದಲ ಅರ್ಜಿ ದಾಖಲೆ ಕೊರತೆಯಿಂದ ತಿರಸ್ಕೃತವಾಯಿತು. ಚೆನ್ನೈ ಪೊಲೀಸರ ಅಭಿಪ್ರಾಯ ಪಡೆದ ಬಳಿಕ ಸಿಕ್ಕಿದ್ದು 5 ದಿನ. ಟಿ. ನಗರದಲ್ಲಿರುವ ಸಂಬಂಧಿಕರ ಮನೆಯಲ್ಲೇ ಇರಬೇಕು, ರಾಜಕೀಯ ಚಟುವಟಿಕೆ ನಡೆಸಬಾರದು, ಮಾಧ್ಯಮದೊಂದಿಗೆ ಮಾತನಾಡಬಾರದು ಎಂಬ ಷರತ್ತುಗಳಿದ್ದವು. 2018ರ ಮಾರ್ಚ್ 20ರಂದು ಪತಿ ನಿಧನರಾದಾಗ 15 ದಿನ ಪೆರೋಲ್ ಸಿಕ್ಕಿತು. ಅವಧಿ ಮುಗಿಯುವ ಮೊದಲೇ ಅವರು ಜೈಲಿಗೆ ಮರಳಿದರು. 2021ರ ಜನವರಿ 27ರಂದು ಶಿಕ್ಷೆ ಮುಗಿಯಿತು.

ರಾಜೀವ್ ಗಾಂಧಿ ಹತ್ಯೆ ಪ್ರಕರಣದ ನಳಿನಿ 2019ರಲ್ಲಿ ಮಗಳ ಮದುವೆ ಸಿದ್ಧತೆಗೆ 6 ತಿಂಗಳು ಕೇಳಿ ಮದ್ರಾಸ್ ಹೈಕೋರ್ಟ್‌ನಲ್ಲಿ ತಾವೇ ವಾದಿಸಿದ್ದರು. ಸಿಕ್ಕಿದ್ದು 30 ದಿನ. ನಂತರ ಅವಧಿ ವಿಸ್ತರಣೆಯಾಯಿತು. ಮಾಧ್ಯಮ ಮತ್ತು ರಾಜಕಾರಣಿಗಳಿಂದ ದೂರವಿರಬೇಕೆಂಬ ಷರತ್ತು ಅವರಿಗೂ ಇತ್ತು.

ಹೊರಗಿದ್ದ ದಿನಗಳು ಲೆಕ್ಕಕ್ಕೆ ಬರುತ್ತವೆಯೇ?

ಇದು ಕೈದಿಗಳಿಗೆ ಬಹುಮುಖ್ಯ ಪ್ರಶ್ನೆ. ಉತ್ತರ ಆಯಾ ರಾಜ್ಯದ ಜೈಲು ನಿಯಮಗಳನ್ನು ಅವಲಂಬಿಸಿದೆ. ಗೋವಾ ಪ್ರಕರಣವೊಂದರಲ್ಲಿ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಅವಧಿಪೂರ್ವ ಬಿಡುಗಡೆಗೆ ಬೇಕಾದ 14 ವರ್ಷದ ವಾಸ್ತವ ಸೆರೆವಾಸದಲ್ಲಿ ಪೆರೋಲ್ ದಿನಗಳನ್ನು ಸೇರಿಸುವಂತಿಲ್ಲ ಎಂದಿತು. ಸೇರಿಸಿದರೆ ಪ್ರಭಾವಿಗಳು ಪದೇಪದೇ ಪೆರೋಲ್ ಪಡೆಯಬಹುದು ಎಂಬುದು ನ್ಯಾಯಾಲಯದ ಆತಂಕವಾಗಿತ್ತು.

ಮರಳದಿದ್ದರೆ?

ನಿಗದಿತ ದಿನ ಜೈಲಿಗೆ ಬಾರದವರನ್ನು ಪೊಲೀಸರು ಬಂಧಿಸಿ ಕರೆತರಬಹುದು, ಹೊಸ ಪ್ರಕರಣವೂ ದಾಖಲಾಗಬಹುದು. ಶ್ಯೂರಿಟಿ ಕೊಟ್ಟ ಬಂಧುಗಳಿಗೂ ತೊಂದರೆ ತಪ್ಪದು, ಮುಂದಿನ ಪೆರೋಲ್ ಕೂಡ ಕಷ್ಟ. ವಕೀಲರನ್ನು ಇಟ್ಟುಕೊಳ್ಳಲಾಗದ ಬಡ ಕೈದಿಗಳು ಪೆರೋಲ್ ಅರ್ಜಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಪಡೆಯಬಹುದು.